ಗೋಡೆ ಕಟ್ಟಿಸಿದ ಪೆರಿಕ್ಲಿಸ್: ಒಂದು ಬಾಳು, ಎರಡು ಬೇಲಿ

ಗ್ರೀಸಿನ ಪಾಠ ಬಂದಾಗಲೆಲ್ಲ ನಮ್ಮ ಮಕ್ಕಳು ಪೆರಿಕ್ಲಿಸ್ ಎಂಬ ಹೆಸರನ್ನು ಓದುತ್ತಾರೆ. ಅಥೆನ್ಸ್ ನಗರದ ಸುವರ್ಣಯುಗದ ನಾಯಕ, ಪ್ರಜಾಪ್ರಭುತ್ವವನ್ನು ಬಲಪಡಿಸಿದವನು, ಪಾರ್ಥೆನಾನ್ ದೇಗುಲವನ್ನು ಕಟ್ಟಿಸಿದವನು ಎಂದು ಮೂರು ಅಂಶ ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆತ ತನ್ನ ಊರಿಗೆ ಗೋಡೆಗಳನ್ನು ಕಟ್ಟಿಸಿದವನು, ಆ ಗೋಡೆಗಳ ಒಳಗೇ ಹಬ್ಬಿದ ಮಹಾಮಾರಿಗೆ ತನ್ನ ಮಕ್ಕಳನ್ನು ಕಳೆದುಕೊಂಡವನು ಎಂಬ ಸಂಗತಿ ಮಾತ್ರ ಪ್ರಶ್ನೆಪತ್ರಿಕೆಗೆ ಬರುವುದಿಲ್ಲ. ಗಡಿಯ ಈಚೆ ನಿಂತು ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗೆ ಪೆರಿಕ್ಲಿಸ್‌ನ ಬಾಳಿನ ಈ ಭಾಗವೇ ಹೆಚ್ಚು ಹತ್ತಿರದ್ದೆನಿಸುತ್ತದೆ. ಮಕ್ಕಳೂ ಪೋಷಕರೂ ಕೂಡಿ ಓದಲೆಂದು ಆ ಕತೆಯನ್ನು ಮೊದಲಿನಿಂದ ಹೇಳುತ್ತೇವೆ.

ಸುಟ್ಟ ಊರಿನ ಹುಡುಗ

ಪೆರಿಕ್ಲಿಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 495ರಲ್ಲಿ. ತಂದೆ ಕ್ಸಾಂಥಿಪ್ಪಸ್, ತಾಯಿ ಅಗಾರಿಸ್ತೆ. ತಾಯಿಯದು ಅಥೆನ್ಸಿನ ಹಳೆಯ, ಪ್ರಬಲ ಮನೆತನ. ಜನರ ಕೈಗೆ ಆಡಳಿತವನ್ನು ಕೊಟ್ಟ ಸುಧಾರಕನೆಂದು ಪ್ರಸಿದ್ಧನಾದ ಕ್ಲೈಸ್ತೆನಿಸ್ ಅವಳಿಗೆ ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನವನು. ಈ ಕ್ಲೈಸ್ತೆನಿಸ್‌ನ ತಾಯಿ ಅಥೆನ್ಸಿನವಳಲ್ಲ, ಸಿಕ್ಯೋನ್ ಎಂಬ ಬೇರೆ ನಗರದವಳು. ಈ ಸಣ್ಣ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಆಗಿನ ಅಥೆನ್ಸಿನಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಊರಿಗೆ ಅಪಾಯಕಾರಿಯಾಗಿ ಬೆಳೆಯುತ್ತಿದ್ದಾನೆಂದು ಜನ ಶಂಕಿಸಿದ ವ್ಯಕ್ತಿಯ ಹೆಸರನ್ನು ಒಡೆದ ಮಡಕೆಯ ಚೂರುಗಳ ಮೇಲೆ ಗೀಚಿ ಹಾಕುತ್ತಿದ್ದರು. ಹೆಚ್ಚು ಚೂರು ಯಾರ ಹೆಸರಿಗೆ ಬೀಳುತ್ತದೋ ಅವನು 10 ವರ್ಷ ಊರು ಬಿಡಬೇಕು. ಪೆರಿಕ್ಲಿಸ್ ಇನ್ನೂ ಬಾಲಕನಾಗಿದ್ದಾಗ, ಕ್ರಿ.ಪೂ. 484ರಲ್ಲಿ, ಅವನ ತಂದೆಗೇ ಈ ಶಿಕ್ಷೆಯಾಯಿತು. ಕ್ಸಾಂಥಿಪ್ಪಸ್‌ನ ಹೆಸರು ಗೀಚಿದ ಚೂರುಗಳು ಇಂದಿಗೂ ಉಳಿದಿವೆ.

ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸಿಸ್ ದಂಡೆತ್ತಿ ಬಂದಾಗ, ಹೊರಹಾಕಿದವರನ್ನು ಅಥೆನ್ಸ್ ವಾಪಸು ಕರೆಸಿಕೊಂಡಿತು. ಅಷ್ಟರಲ್ಲೇ ಇಡೀ ಊರು ಖಾಲಿಯಾಗಬೇಕಾಗಿ ಬಂತು. ಹೆಂಗಸರು, ಮಕ್ಕಳು, ಮುದುಕರು ದೋಣಿ ಹತ್ತಿ ಸಲಾಮಿಸ್ ದ್ವೀಪಕ್ಕೂ ಕಡಲಾಚೆಯ ಬೇರೆ ಊರುಗಳಿಗೂ ಹೊರಟರು. ಕ್ಸಾಂಥಿಪ್ಪಸ್‌ನ ನಾಯಿ ಒಡೆಯನ ಹಡಗಿನ ಪಕ್ಕದಲ್ಲೇ ಈಜುತ್ತ ಸಲಾಮಿಸ್ ತಲುಪಿ, ದಡದಲ್ಲಿ ಬಿದ್ದು ಪ್ರಾಣ ಬಿಟ್ಟಿತೆಂಬ ಕತೆಯನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಪರ್ಷಿಯನ್ನರು ಖಾಲಿ ಊರಿಗೆ ನುಗ್ಗಿ ಮನೆ ದೇಗುಲಗಳನ್ನು ಸುಟ್ಟರು. ಪೆರಿಕ್ಲಿಸ್‌ಗೆ ಆಗ ಸುಮಾರು 15 ವರ್ಷ. ಸಲಾಮಿಸ್‌ನ ಕಡಲ ಕಾಳಗದಲ್ಲಿ ಅಥೆನ್ಸ್ ಗೆದ್ದಿತು. ಮರುವರ್ಷ ಮೈಕಾಲೆಯ ಯುದ್ಧದಲ್ಲಿ ಅಥೆನ್ಸಿನ ಪಡೆಯನ್ನು ಮುನ್ನಡೆಸಿದವನು ಕ್ಸಾಂಥಿಪ್ಪಸ್‌ನೇ.

ಹಿಂದಿರುಗಿದ ಜನ ಮೊದಲು ಮಾಡಿದ ಕೆಲಸ ಊರಿನ ಸುತ್ತ ಕೋಟೆಗೋಡೆ ಎಬ್ಬಿಸಿದ್ದು. ಸ್ಪಾರ್ಟಾದವರಿಗೆ ಇದು ಬೇಡವಾಗಿತ್ತು. ಥೆಮಿಸ್ಟೋಕ್ಲಿಸ್ ಎಂಬ ಚತುರ ನಾಯಕ ತಾನೇ ಸ್ಪಾರ್ಟಾಕ್ಕೆ ರಾಯಭಾರಿಯಾಗಿ ಹೋಗಿ, ಏನಾದರೊಂದು ನೆವ ಹೇಳುತ್ತ ಅಲ್ಲಿ ದಿನ ದೂಡಿದ. ಇತ್ತ ಗಂಡಸರು, ಹೆಂಗಸರು, ಮಕ್ಕಳು ಎನ್ನದೆ ಎಲ್ಲರೂ ಕಲ್ಲು ಹೊತ್ತರು. ಒಡೆದ ಶಿಲ್ಪಗಳು, ಗೋರಿಕಲ್ಲುಗಳು, ಕೈಗೆ ಸಿಕ್ಕಿದ್ದೆಲ್ಲ ಗೋಡೆಗೆ ಸೇರಿದವು. ಈಗಿನ ಉತ್ಖನನಗಳಲ್ಲಿ ಆ ಗೋಡೆಯೊಳಗಿಂದ ಕೆತ್ತನೆಯ ಗೋರಿಕಲ್ಲುಗಳು ಸಿಕ್ಕಿವೆ. ಊರು ಬಿಟ್ಟು ಓಡಿದವರ ಭಯ ಎಷ್ಟಿತ್ತೆಂಬುದನ್ನು ಆ ಕಲ್ಲುಗಳೇ ಹೇಳುತ್ತವೆ. ಪೆರಿಕ್ಲಿಸ್ ಬೆಳೆದದ್ದು ಈ ಭಯದ ನೆರಳಿನಲ್ಲಿ.

ಕಲಿಕೆ ಮತ್ತು ಅಧಿಕಾರ

ಸಿರಿವಂತರ ಮನೆಯ ಹುಡುಗನಾದ ಪೆರಿಕ್ಲಿಸ್‌ಗೆ ಒಳ್ಳೆಯ ಗುರುಗಳು ದೊರೆತರು. ಡೇಮನ್ ಸಂಗೀತ ಕಲಿಸಿದ. ಕ್ಲಾಜೊಮೆನಿ ಎಂಬ ಊರಿನಿಂದ ಬಂದು ಅಥೆನ್ಸಿನಲ್ಲಿ ನೆಲೆಸಿದ್ದ ಅನಾಕ್ಸಾಗೊರಾಸ್ ಪ್ರಕೃತಿಯ ಘಟನೆಗಳಿಗೆ ಪ್ರಕೃತಿಯಲ್ಲೇ ಕಾರಣ ಹುಡುಕುವುದನ್ನು ಕಲಿಸಿದ. ಸೂರ್ಯ ದೇವರಲ್ಲ, ಕಾದು ಕೆಂಪಾದ ಕಲ್ಲಿನ ಉಂಡೆ ಎಂದು ಸಾರಿದವನು ಈತ. ಶಿಷ್ಯನಿಗೆ ಬಂದ ಗಂಭೀರ ನಡೆ, ಅಳೆದು ತೂಗಿದ ಮಾತು, ಬೈಗುಳಕ್ಕೂ ಕೆರಳದ ಸ್ವಭಾವ ಈ ಗುರುವಿನ ಬಳುವಳಿಯೆಂದು ಪ್ಲುಟಾರ್ಕ್ ಬರೆಯುತ್ತಾನೆ. ಪೆರಿಕ್ಲಿಸ್‌ನ ತಲೆ ತುಸು ಉದ್ದನೆಯದಾಗಿತ್ತಂತೆ. ಹಾಸ್ಯನಾಟಕದ ಕವಿಗಳು ಅದನ್ನೇ ಹಿಡಿದು ಅವನನ್ನು ರಂಗದ ಮೇಲೆ ಗೇಲಿ ಮಾಡುತ್ತಿದ್ದರು. ಉಳಿದು ಬಂದಿರುವ ಅವನ ಶಿಲ್ಪಗಳಲ್ಲಿ ತಲೆಯ ಮೇಲೆ ಶಿರಸ್ತ್ರಾಣ ಇದ್ದೇ ಇದೆ.

ಕ್ರಿ.ಪೂ. 472ರಲ್ಲಿ ಎಸ್ಕಿಲಸ್ ಕವಿಯ ನಾಟಕವೊಂದರ ಖರ್ಚು ವಹಿಸಿಕೊಂಡದ್ದು ಅವನ ಸಾರ್ವಜನಿಕ ಬದುಕಿನ ಮೊದಲ ದಾಖಲೆ. ಅಂದಿನ ಪ್ರಭಾವಿ ನಾಯಕ ಕಿಮೋನ್ ಸಿರಿವಂತರ ಪಕ್ಷದವನು. ಪೆರಿಕ್ಲಿಸ್ ಎದುರು ಪಕ್ಷ ಸೇರಿದ. ಎಫಿಯಾಲ್ಟಿಸ್ ಎಂಬ ಹಿರಿಯ ಸಂಗಾತಿಯ ಮುಂದಾಳುತನದಲ್ಲಿ, ಕುಲೀನರ ಹಳೆಯ ಮಂಡಳಿಯೊಂದರ ಅಧಿಕಾರ ಜನಸಭೆಗೂ ಜನರ ನ್ಯಾಯಾಲಯಗಳಿಗೂ ಹೋಯಿತು. ಎಫಿಯಾಲ್ಟಿಸ್ ಬೇಗನೆ ಕೊಲೆಯಾದ. ಕಿಮೋನ್‌ನನ್ನು ಊರು ಹೊರಹಾಕಿತು. ಆಮೇಲೆ ಮುಂದೆ ನಿಂತವನು ಪೆರಿಕ್ಲಿಸ್. ನ್ಯಾಯಾಲಯದಲ್ಲಿ ಪಂಚರಾಗಿ ಕೂರುವ ಸಾಮಾನ್ಯರಿಗೆ ದಿನಭತ್ಯೆ ಕೊಡುವ ಪದ್ಧತಿಯನ್ನು ತಂದವನು ಅವನೇ. ಕೂಲಿ ಬಿಟ್ಟು ಬಂದರೆ ಒಲೆ ಹೊತ್ತದ ಬಡವನಿಗೂ ಇದರಿಂದ ನ್ಯಾಯ ಹೇಳುವ ಪೀಠ ಸಿಕ್ಕಿತು.

ಕಡಲಿನವರೆಗೆ ಚಾಚಿದ ಗೋಡೆ

ಅಥೆನ್ಸ್ ಕಡಲಿಗೆ ಅಂಟಿಕೊಂಡ ಊರಲ್ಲ. ಅದರ ಬಂದರು ಪಿರೇಯಸ್ ಸುಮಾರು 7 ಕಿಲೋಮೀಟರ್ ದೂರ. ಊರಿಗೊಂದು ಕೋಟೆ, ಬಂದರಿಗೊಂದು ಕೋಟೆ ಇದ್ದರೂ ನಡುವಿನ ದಾರಿ ಬಯಲು. ಶತ್ರು ಆ ಬಯಲನ್ನು ಹಿಡಿದರೆ ಊರಿಗೆ ಧಾನ್ಯ ಬರುವುದು ನಿಲ್ಲುತ್ತದೆ. ಹಾಗಾಗಿ ಕ್ರಿ.ಪೂ. 460ರ ಆಸುಪಾಸಿನಲ್ಲಿ ಊರಿನಿಂದ ಕಡಲಿಗೆ ಎರಡು ಉದ್ದ ಗೋಡೆಗಳ ಕೆಲಸ ಆರಂಭವಾಯಿತು. ಒಂದು ಪಿರೇಯಸ್‌ಗೆ, ಇನ್ನೊಂದು ಫಲೇರೋನ್ ಎಂಬ ಹಳೆಯ ಬಂದರಿಗೆ. ಕೆಲವು ವರ್ಷಗಳಲ್ಲಿ ಎರಡೂ ಪೂರೈಸಿದವು. ಸುಮಾರು ಕ್ರಿ.ಪೂ. 445ರಲ್ಲಿ ಪೆರಿಕ್ಲಿಸ್ ಮೂರನೆಯ ಗೋಡೆಯ ಪ್ರಸ್ತಾಪವನ್ನು ಜನಸಭೆಯ ಮುಂದಿಟ್ಟ. ಅದು ಪಿರೇಯಸ್ ಗೋಡೆಗೆ ಸಮಾನಾಂತರವಾಗಿ, ಸುಮಾರು 180 ಮೀಟರ್ ಅಂತರದಲ್ಲಿ ಸಾಗುವ ನಡುಗೋಡೆ. ಸಾಕ್ರೆಟಿಸ್ ಆ ಸಭೆಯಲ್ಲಿದ್ದು ಪೆರಿಕ್ಲಿಸ್‌ನ ಮಾತು ಕೇಳಿದ್ದನೆಂದು ಪ್ಲೇಟೋ ಬರೆದಿದ್ದಾನೆ. ಗುತ್ತಿಗೆ ಹಿಡಿದವನು ಕ್ಯಾಲಿಕ್ರೇಟಿಸ್. ಕೆಲಸ ಎಷ್ಟು ನಿಧಾನವಾಗಿ ಸಾಗಿತೆಂದರೆ ಕ್ರಾಟಿನಸ್ ಎಂಬ ಹಾಸ್ಯಕವಿ ತನ್ನ ನಾಟಕದಲ್ಲಿ ಅದನ್ನು ಅಣಕಿಸಿದ.

ಗೋಡೆ ಮುಗಿದಾಗ ಅಥೆನ್ಸ್ ನೆಲದ ಮೇಲಿದ್ದೂ ದ್ವೀಪದಂತಾಯಿತು. ಶತ್ರು ಹೊಲಗಳನ್ನು ಸುಟ್ಟರೂ ಹಡಗು ಬರುವವರೆಗೆ ಊರಿಗೆ ಹಸಿವಿಲ್ಲ. ಪೆರಿಕ್ಲಿಸ್‌ನ ಎಲ್ಲ ರಾಜಕೀಯ ಲೆಕ್ಕಾಚಾರವೂ ಈ ಗೋಡೆಗಳನ್ನು ನಂಬಿ ನಿಂತಿತ್ತು.

ಕಲ್ಲಿಲ್ಲದ ಇನ್ನೊಂದು ಬೇಲಿ

ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್ ಇನ್ನೊಂದು ಬೇಲಿ ಕಟ್ಟಿಸಿದ. ಅದಕ್ಕೆ ಕಲ್ಲು ಬೇಕಿರಲಿಲ್ಲ. ತಂದೆ ತಾಯಿ ಇಬ್ಬರೂ ಅಥೆನ್ಸಿನ ಪೌರ ಮನೆತನದವರಾಗಿದ್ದರೆ ಮಾತ್ರ ಮಗು ಪೌರ ಎಂಬ ಕಾನೂನು ಅದು. ಅದುವರೆಗೆ ತಂದೆ ಪೌರನಾಗಿದ್ದರೆ ಸಾಕಾಗಿತ್ತು. ಪೌರರ ಸಂಖ್ಯೆ ಹೆಚ್ಚಾಯಿತು ಎಂಬುದು ಕಾನೂನಿಗೆ ದೊರೆತ ಕಾರಣ. ಪೌರನಾದರೆ ಜನಸಭೆಯಲ್ಲಿ ಮತ, ಪಂಚರ ಪೀಠ, ಭೂಮಿ ಹೊಂದುವ ಹಕ್ಕು, ಊರಿಗೆ ಬಂದ ಲಾಭದಲ್ಲಿ ಪಾಲು. ಪಂಕ್ತಿಯಲ್ಲಿ ಎಲೆ ಕಡಿಮೆಯಿದ್ದರೆ ಒಂದೊಂದು ಎಲೆಯೂ ದೊಡ್ಡದಾಗುತ್ತದೆ.

ಈ ಕಾನೂನು ಹಿಂದೆಯೇ ಇದ್ದಿದ್ದರೆ ಸಿಕ್ಯೋನಿನ ತಾಯಿಗೆ ಹುಟ್ಟಿದ ಕ್ಲೈಸ್ತೆನಿಸ್ ಪೌರನಾಗುತ್ತಿರಲಿಲ್ಲ. ಗೋಡೆ ಎಬ್ಬಿಸಿದ ಥೆಮಿಸ್ಟೋಕ್ಲಿಸ್‌ನ ತಾಯಿಯೂ ಹೊರಗಿನವಳು. ಪರ್ಷಿಯನ್ನರನ್ನು ಎದುರಿಸಿ ಗೆದ್ದ ಕಿಮೋನ್‌ನ ತಾಯಿ ಥ್ರೇಸ್ ದೇಶದವಳು. ಅಥೆನ್ಸನ್ನು ಅಥೆನ್ಸ್ ಮಾಡಿದ ಮೂವರೂ ಹೊಸ ಬೇಲಿಯ ಆಚೆ ಬೀಳುವವರು.

ಅಥೆನ್ಸಿನಲ್ಲಿ ಹೊರಗಿನಿಂದ ಬಂದು ನೆಲೆಸಿದವರ ಒಂದು ದೊಡ್ಡ ವರ್ಗವೇ ಇತ್ತು. ಅವರು ವರ್ಷಕ್ಕೊಮ್ಮೆ ತಲೆಗಂದಾಯ ಕಟ್ಟಬೇಕು, ಯುದ್ಧ ಬಂದರೆ ಆಯುಧ ಹಿಡಿಯಬೇಕು. ಮತವಿಲ್ಲ, ಸ್ವಂತ ಭೂಮಿಯಿಲ್ಲ. ಎಷ್ಟು ತಲೆಮಾರು ಕಳೆದರೂ ಅವರು ಹೊರಗಿನವರೇ. ಯುದ್ಧಕಾಲದಲ್ಲಿ ಊರಗೋಡೆಯ ಕಾವಲಿಗೆ ನಿಂತವರ ಪಟ್ಟಿಯನ್ನು ಥುಸಿಡಿಡೀಸ್ ಎಂಬ ಇತಿಹಾಸಕಾರ ಕೊಡುತ್ತಾನೆ. ತೀರ ಎಳೆಯರು, ತೀರ ಹಿರಿಯರು, ಮತ್ತು ಈ ನೆಲೆಸಿದ ಹೊರಗಿನವರು. ಕಲ್ಲಿನ ಗೋಡೆಯನ್ನು ಕಾದವರಿಗೆ ಕಾನೂನಿನ ಬೇಲಿಯೊಳಗೆ ಜಾಗವಿರಲಿಲ್ಲ.

ಕೆಲವು ವರ್ಷಗಳ ಬಳಿಕ ಈಜಿಪ್ಟಿನಿಂದ ಉಡುಗೊರೆಯಾಗಿ ಧಾನ್ಯ ಬಂತು. ಅದನ್ನು ಪೌರರಿಗೆ ಮಾತ್ರ ಹಂಚಬೇಕಾಗಿತ್ತು. ಅಲ್ಲಿಯವರೆಗೆ ಯಾರೂ ಕೇಳದಿದ್ದ ಹುಟ್ಟಿನ ಪ್ರಶ್ನೆ ಆಗ ಎದ್ದಿತು. ನೆರೆಯವನೇ ನೆರೆಯವನ ಮೇಲೆ ದೂರು ಕೊಟ್ಟ. ಸುಮಾರು 5000 ಜನ ಪೌರತ್ವ ಕಳೆದುಕೊಂಡರೆಂದು ಪ್ಲುಟಾರ್ಕ್ ಬರೆಯುತ್ತಾನೆ. ಪಡಿತರ ಚೀಟಿಗೂ ಜಾತಿ ಪ್ರಮಾಣಪತ್ರಕ್ಕೂ ಎರಡು ರಾಜ್ಯಗಳ ಕಚೇರಿಗಳ ನಡುವೆ ಅಲೆದ ನಮ್ಮ ಪೋಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಪೆರಿಕ್ಲಿಸ್‌ನ ಬಾಳಿನಲ್ಲಿ ಅಸ್ಪಾಸಿಯಾ ಬಂದಳು. ಮೊದಲ ಹೆಂಡತಿಯಿಂದ ಅವನಿಗೆ ಕ್ಸಾಂಥಿಪ್ಪಸ್, ಪರಾಲಸ್ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಆ ದಾಂಪತ್ಯ ಒಪ್ಪಿಗೆಯಿಂದಲೇ ಮುರಿಯಿತು. ಅಸ್ಪಾಸಿಯಾ ಮೈಲೀಟಸ್ ನಗರದವಳು. ಮಾತಿನಲ್ಲೂ ಬುದ್ಧಿಯಲ್ಲೂ ಹೆಸರಾದ ಅವಳ ಮನೆಗೆ ಸಾಕ್ರೆಟಿಸ್ ಸಹ ಬರುತ್ತಿದ್ದನಂತೆ. ಅವಳಿಗೂ ಪೆರಿಕ್ಲಿಸ್‌ಗೂ ಒಬ್ಬ ಮಗ ಹುಟ್ಟಿದ. ಅವನಿಗೆ ತಂದೆಯ ಹೆಸರನ್ನೇ ಇಟ್ಟರು. ತಂದೆ ಮಾಡಿದ ಕಾನೂನಿನ ಪ್ರಕಾರ ಆ ಮಗು ಪೌರನಲ್ಲ.

ವೈಭವದ ವರ್ಷಗಳು

ಪಠ್ಯಪುಸ್ತಕದ ಪೆರಿಕ್ಲಿಸ್ ಈ ನಡುವಿನ ಕಾಲದವನು. ಕ್ರಿ.ಪೂ. 447ರಲ್ಲಿ ಪಾರ್ಥೆನಾನ್ ಕೆಲಸ ಶುರುವಾಗಿ, 438ರಲ್ಲಿ ಫಿಡಿಯಾಸ್ ಮಾಡಿದ ಅಥೆನಾ ದೇವಿಯ ಚಿನ್ನ ಮತ್ತು ದಂತದ ಮೂರ್ತಿ ಅಲ್ಲಿ ನೆಲೆಗೊಂಡಿತು. ಕೆತ್ತನೆಯ ಕೆಲಸ 432ರವರೆಗೂ ನಡೆಯಿತು. ಇದಕ್ಕೆ ಬಳಕೆಯಾದ ಹಣದಲ್ಲಿ ಮಿತ್ರನಗರಗಳು ಪರ್ಷಿಯಾದ ವಿರುದ್ಧ ರಕ್ಷಣೆಗೆಂದು ಕಟ್ಟುತ್ತಿದ್ದ ಕಪ್ಪವೂ ಸೇರಿತ್ತೆಂದು ಅವನ ವಿರೋಧಿಗಳು ಆಗಲೇ ಆಕ್ಷೇಪಿಸಿದರು. ಬಂಡೆದ್ದ ಸಾಮೋಸ್ ದ್ವೀಪವನ್ನು ಪೆರಿಕ್ಲಿಸ್ ಒಂಬತ್ತು ತಿಂಗಳು ಮುತ್ತಿಗೆ ಹಾಕಿ ಮಣಿಸಿದ. ಕ್ರಿ.ಪೂ. 443ರಿಂದ ಹೆಚ್ಚುಕಡಿಮೆ ಸಾಯುವವರೆಗೂ ಪ್ರತಿವರ್ಷ ಜನ ಅವನನ್ನು ಸೇನಾನಿಯಾಗಿ ಆರಿಸಿದರು. ಹೆಸರಿಗೆ ಜನರ ಆಳ್ವಿಕೆ, ನಡೆಯುತ್ತಿದ್ದದ್ದು ಮೊದಲ ನಾಗರಿಕನ ಮಾತು ಎಂಬುದು ಥುಸಿಡಿಡೀಸ್‌ನ ಅಭಿಪ್ರಾಯ.

ಹಳ್ಳಿಗಳೆಲ್ಲ ಗೋಡೆಯೊಳಗೆ

ಕ್ರಿ.ಪೂ. 431ರಲ್ಲಿ ಸ್ಪಾರ್ಟಾದೊಡನೆ ಯುದ್ಧ ಆರಂಭವಾಯಿತು. ನೆಲದ ಮೇಲೆ ಸ್ಪಾರ್ಟಾ ಬಲಶಾಲಿ, ನೀರಿನ ಮೇಲೆ ಅಥೆನ್ಸ್. ಪೆರಿಕ್ಲಿಸ್‌ನ ಯೋಜನೆ ಸರಳವಾಗಿತ್ತು. ಬಯಲಿನಲ್ಲಿ ಕಾದಾಡುವುದು ಬೇಡ. ಹಳ್ಳಿಗಳನ್ನು ಬಿಟ್ಟುಕೊಟ್ಟು ಎಲ್ಲರೂ ಗೋಡೆಯೊಳಗೆ ಬರಲಿ, ಹಡಗುಗಳು ಧಾನ್ಯ ತರಲಿ. ಶತ್ರು ಬೆಳೆ ಸುಟ್ಟು ದಣಿದು ಹೋಗುತ್ತಾನೆ. ಬೊಕ್ಕಸದಲ್ಲಿ 6000 ಟ್ಯಾಲೆಂಟ್ ಬೆಳ್ಳಿಯಿದೆ, 300 ಹಡಗುಗಳಿವೆ ಎಂದು ಅವನು ಜನಕ್ಕೆ ಲೆಕ್ಕ ಒಪ್ಪಿಸಿದ. ಸ್ಪಾರ್ಟಾದ ದೊರೆ ಅರ್ಖಿಡಾಮಸ್ ಅವನ ಹಳೆಯ ಅತಿಥಿಮಿತ್ರ. ಸ್ನೇಹದ ದಾಕ್ಷಿಣ್ಯಕ್ಕೆ ತನ್ನ ಹೊಲಗಳನ್ನು ಮಾತ್ರ ಶತ್ರು ಸುಡದೆ ಬಿಟ್ಟರೆ ಅವನ್ನು ಊರಿಗೇ ಬಿಟ್ಟುಕೊಡುವೆನೆಂದು ಪೆರಿಕ್ಲಿಸ್ ಮುಂಚೆಯೇ ಸಾರಿಬಿಟ್ಟ.

ಲೆಕ್ಕ ಸರಿಯಾಗಿತ್ತು. ಆದರೆ ಆ ಲೆಕ್ಕದಲ್ಲಿ ಬದುಕಬೇಕಾದವರು ಹಳ್ಳಿಯವರು. ಆಟಿಕಾ ಪ್ರಾಂತದ ಬಹುಪಾಲು ಜನ ಹೊಲಗಳ ನಡುವೆ ಬಾಳಿದವರು. ಪರ್ಷಿಯನ್ನರು ಸುಟ್ಟ ಮನೆಗಳನ್ನು ರಿಪೇರಿ ಮಾಡಿಕೊಂಡು ಹೆಚ್ಚು ಕಾಲವೂ ಆಗಿರಲಿಲ್ಲ. ಅವರು ಕುರಿ ದನಗಳನ್ನು ಯೂಬಿಯಾ ದ್ವೀಪಕ್ಕೆ ಸಾಗಿಸಿದರು. ಮನೆಯ ಮರಮುಟ್ಟುಗಳನ್ನೂ ಬಿಚ್ಚಿ ಹೇರಿಕೊಂಡು, ಕುಲದೈವದ ಗುಡಿಗಳಿಗೆ ಬೆನ್ನು ತೋರಿಸಿ ಹೊರಟರು. ಊರಿನಲ್ಲಿ ಮನೆಯಿದ್ದವರು, ನೆಂಟರಿದ್ದವರು ಕೆಲವರು ಮಾತ್ರ. ಉಳಿದವರು ಖಾಲಿ ನಿವೇಶನಗಳಲ್ಲಿ, ದೇಗುಲಗಳ ಅಂಗಳದಲ್ಲಿ, ಕೋಟೆಯ ಬುರುಜುಗಳಲ್ಲಿ ಬೀಡುಬಿಟ್ಟರು. ಯಾರೂ ವಾಸಿಸಬಾರದೆಂದು ದೈವವಾಣಿ ನಿಷೇಧಿಸಿದ್ದ, ಆಕ್ರೊಪೊಲಿಸ್ ಗುಡ್ಡದ ಬುಡದ ಜಾಗವೂ ತುಂಬಿತು. ಆಮೇಲೆ ಉದ್ದ ಗೋಡೆಗಳ ನಡುವಿನ ಪಟ್ಟಿಯನ್ನೇ ಪಾಲು ಮಾಡಿಕೊಂಡು ಗುಡಿಸಲು ಹಾಕಿದರು.

ಸ್ಪಾರ್ಟಾದ ಪಡೆ ಅಖಾರ್ನೆ ಎಂಬ ದೊಡ್ಡ ಹಳ್ಳಿಯಲ್ಲಿ ಬೀಡುಬಿಟ್ಟಾಗ ಅದು ಊರಿನಿಂದ ಬರೀ 11 ಕಿಲೋಮೀಟರ್. ತಮ್ಮ ಹೊಲಗಳು ಹಾಳಾಗುವುದನ್ನು ಜನ ಕಣ್ಣಾರೆ ಕಂಡರು. ಹೊರಗೆ ನುಗ್ಗಿ ಹೊಡೆಯೋಣವೆಂದು ಯುವಕರು ಕುದಿದರು. ಪೆರಿಕ್ಲಿಸ್ ಜನಸಭೆಯನ್ನೇ ಕರೆಯಲಿಲ್ಲ. ಬೈಗುಳ ತಿಂದುಕೊಂಡು ಸುಮ್ಮನಿದ್ದ. ಆ ಚಳಿಗಾಲದಲ್ಲಿ, ಯುದ್ಧದಲ್ಲಿ ಮಡಿದವರಿಗೆ ಊರಿನ ಪರವಾಗಿ ಶ್ರದ್ಧಾಂಜಲಿ ಹೇಳಿದವನೂ ಅವನೇ. ಅಥೆನ್ಸ್ ಎಲ್ಲರಿಗೂ ತೆರೆದ ನಗರವೆಂಬ ಹೆಮ್ಮೆ ಆ ಭಾಷಣದ ತಿರುಳು.

ಹಡಗಿನಲ್ಲಿ ಬಂದದ್ದು

ಮರುವರ್ಷ, ಕ್ರಿ.ಪೂ. 430ರ ಬೇಸಿಗೆಯಲ್ಲಿ, ಸ್ಪಾರ್ಟಾದ ಪಡೆ ಎರಡನೆಯ ಬಾರಿ ಬಂದು ಕೆಲವು ದಿನಗಳಾಗಿದ್ದವು. ಆಗ ಪಿರೇಯಸ್ ಬಂದರಿನಲ್ಲಿ ಹೊಸ ಜ್ವರವೊಂದು ಕಾಣಿಸಿತು. ಅದು ಇಥಿಯೋಪಿಯಾ ಕಡೆ ಹುಟ್ಟಿ, ಈಜಿಪ್ಟನ್ನೂ ಪರ್ಷಿಯಾದ ದೊರೆಯ ನಾಡುಗಳನ್ನೂ ಹಾದು ಬಂತೆಂಬ ಸುದ್ದಿಯಿತ್ತು. ನೀರಿನ ತೊಟ್ಟಿಗಳಿಗೆ ಶತ್ರುಗಳು ವಿಷ ಹಾಕಿದ್ದಾರೆಂದು ಪಿರೇಯಸ್‌ನ ಜನ ಮೊದಲು ನಂಬಿದರು. ಆದರೆ ರೋಗ ಬಂದ ದಾರಿ ಬೇರೆ. ಶತ್ರುವಿಗೆ ಮುಚ್ಚಿದ್ದ ಊರು ಕಡಲಿಗೆ ತೆರೆದಿತ್ತು. ಬಂದರಿನಿಂದ ಹೊರಟ ಜ್ವರಕ್ಕೆ ಉದ್ದ ಗೋಡೆಗಳ ನಡುವಿನ ಗುಡಿಸಲುಗಳ ಸಾಲು ಊರಿನವರೆಗೆ ದಾರಿಯಾಯಿತು.

ಥುಸಿಡಿಡೀಸ್ ಸ್ವತಃ ಈ ರೋಗಕ್ಕೆ ಸಿಕ್ಕಿ ಬದುಕಿದವನು. ಮುಂದೆಂದಾದರೂ ಬಂದರೆ ಜನ ಗುರುತಿಸಲೆಂದು ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ಮೊದಲು ತಲೆ ಕಾಯುತ್ತಿತ್ತು, ಕಣ್ಣು ಕೆಂಪಾಗಿ ಉರಿಯುತ್ತಿತ್ತು. ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯುತ್ತಿತ್ತು. ಮೈಮೇಲೆ ಗುಳ್ಳೆಗಳೂ ಹುಣ್ಣುಗಳೂ ಏಳುತ್ತಿದ್ದವು. ಒಳಗಿನ ಉರಿಗೆ ತೆಳುವಾದ ಬಟ್ಟೆಯನ್ನೂ ಸಹಿಸಲಾರದೆ ರೋಗಿಗಳು ನೀರಿನ ತೊಟ್ಟಿಗಳಿಗೆ ಹಾರುತ್ತಿದ್ದರು. ಏಳನೆಯ ಅಥವಾ ಒಂಬತ್ತನೆಯ ದಿನ ಬಹಳ ಜನ ಸಾಯುತ್ತಿದ್ದರು. ಬದುಕಿದವರಲ್ಲಿ ಕೆಲವರು ಬೆರಳು ಕಳೆದುಕೊಂಡರು, ಕೆಲವರು ಕಣ್ಣು, ಕೆಲವರು ನೆನಪು. ರೋಗಿಗಳ ಹತ್ತಿರ ಹೋಗಲೇಬೇಕಾದ ವೈದ್ಯರೇ ಎಲ್ಲರಿಗಿಂತ ಹೆಚ್ಚಾಗಿ ಸತ್ತರು. ಒಮ್ಮೆ ರೋಗ ಬಂದು ಗುಣವಾದವರಿಗೆ ಅದು ಮತ್ತೆ ಪ್ರಾಣಾಂತಿಕವಾಗಿ ಬರುತ್ತಿರಲಿಲ್ಲ. ರೋಗಿಗಳ ಆರೈಕೆಗೆ ನಿಂತವರು ಅವರೇ.

ಹೆಚ್ಚು ಪೆಟ್ಟು ಬಿದ್ದದ್ದು ಹಳ್ಳಿಯಿಂದ ಬಂದವರಿಗೆ ಎಂದು ಥುಸಿಡಿಡೀಸ್ ಸ್ಪಷ್ಟವಾಗಿ ಹೇಳುತ್ತಾನೆ. ಬಿರುಬೇಸಿಗೆಯಲ್ಲಿ ಉಸಿರುಗಟ್ಟುವ ಗುಡಿಸಲುಗಳಲ್ಲಿ ಅವರು ಒಬ್ಬರ ಮೇಲೊಬ್ಬರು ಸತ್ತು ಬಿದ್ದರು. ಬೀಡುಬಿಟ್ಟ ದೇಗುಲಗಳು ಹೆಣಗಳಿಂದ ತುಂಬಿದವು. ಸುಡಲು ಕಟ್ಟಿಗೆಯಿಲ್ಲದವರು ಬೇರೆಯವರು ಒಟ್ಟಿದ ಚಿತೆಯ ಮೇಲೆ ತಮ್ಮ ಹೆಣವಿಟ್ಟು ಓಡಿದರು. ಗೋಡೆಯ ಹೊರಗೆ ಬೀಡುಬಿಟ್ಟಿದ್ದ ಸ್ಪಾರ್ಟಾದವರ ನಾಡಿಗೆ ರೋಗ ಹೆಚ್ಚಾಗಿ ತಟ್ಟಲೇ ಇಲ್ಲ. ಎರಡು ವರ್ಷ ಕಾಡಿ, ಸ್ವಲ್ಪ ತಣ್ಣಗಾಗಿ, ಕ್ರಿ.ಪೂ. 427ರ ಚಳಿಗಾಲದಲ್ಲಿ ಅದು ಮತ್ತೆ ಮರುಕಳಿಸಿತು. ಸೈನಿಕರ ಪಟ್ಟಿಯಲ್ಲಿದ್ದವರಲ್ಲೇ 4400 ಕಾಲಾಳುಗಳೂ 300 ಕುದುರೆ ಸವಾರರೂ ಸತ್ತರು. ಪಟ್ಟಿಯಲ್ಲಿ ಇಲ್ಲದವರ ಲೆಕ್ಕ ಯಾರಿಗೂ ಸಿಗಲಿಲ್ಲ.

ಕನ್ನಡ ನಾಡಿನ ಹಿರಿಯರ ನೆನಪಿನಲ್ಲಿ ಪ್ಲೇಗಿನ ಕಾಲದ ಕತೆಗಳಿವೆ. 1898ರಲ್ಲಿ ಪ್ಲೇಗು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಹಬ್ಬಿತು. ಅದರ ಮುಂದಿನ ವರ್ಷಗಳಲ್ಲೂ ಇಲಿ ಬಿದ್ದ ಸುದ್ದಿ ಬಂದೊಡನೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಜೋಪಡಿ ಹಾಕಿಕೊಳ್ಳುತ್ತಿದ್ದರು. ಅಥೆನ್ಸಿನ ರೋಗ ಪ್ಲೇಗು ಅಲ್ಲದಿರಬಹುದು. ಅದು ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಈಗಲೂ ಒಮ್ಮತವಿಲ್ಲ. ಆದರೆ ನಮ್ಮ ಹಿರಿಯರು ರೋಗಕ್ಕೆ ಹೆದರಿ ಊರಿನಿಂದ ಹೊಲಕ್ಕೆ ಹೋದರು. ಅಥೆನ್ಸಿನ ರೈತ ಶತ್ರುವಿಗೆ ಹೆದರಿ ಹೊಲದಿಂದ ಊರಿಗೆ ಬಂದಿದ್ದ. ಹಿಂದಿರುಗಲು ಅವನಿಗೆ ದಾರಿಯಿರಲಿಲ್ಲ.

ನಾಯಕನ ಮನೆ

ಜನರ ಸಿಟ್ಟು ಪೆರಿಕ್ಲಿಸ್‌ನ ಮೇಲೆ ತಿರುಗಿತು. ಹಳ್ಳಿಯ ಜನರನ್ನು ದನಗಳಂತೆ ದೊಡ್ಡಿಯಲ್ಲಿ ಕೂಡಿ ರೋಗ ಹಬ್ಬಿಸಿದವನು ಇವನೇ ಎಂದು ವಿರೋಧಿಗಳು ದೂರಿದರು. ಆ ದೂರಿನಲ್ಲಿ ದ್ವೇಷವಿದ್ದರೂ ಸುಳ್ಳಿರಲಿಲ್ಲ ಎಂದು ನಾವು ಭಾವಿಸುತ್ತೇವೆ. ಗೋಡೆ ಎಷ್ಟು ಉದ್ದ, ಹಡಗು ಎಷ್ಟು, ಬೆಳ್ಳಿ ಎಷ್ಟು ಎಂದು ಎಣಿಸಿದ್ದವನು ಒಳಗೆ ಬರುವವರಿಗೆ ನೆರಳೆಲ್ಲಿ, ನೀರೆಲ್ಲಿ ಎಂದು ಎಣಿಸಿದ ಸುಳಿವು ಎಲ್ಲಿಯೂ ಇಲ್ಲ. ಜನ ಅವನನ್ನು ಸೇನಾನಿ ಪದವಿಯಿಂದ ಇಳಿಸಿ ಭಾರಿ ದಂಡ ಹಾಕಿದರು.

ಆ ಹೊತ್ತಿಗೆ ರೋಗ ಅವನ ಮನೆಯನ್ನೂ ಹೊಕ್ಕಿತ್ತು. ಹಿರಿಯ ಮಗ ಕ್ಸಾಂಥಿಪ್ಪಸ್‌ನಿಗೂ ತಂದೆಗೂ ಹಣದ ವಿಷಯದಲ್ಲಿ ಜಗಳವಾಗಿ ಮಾತು ನಿಂತಿತ್ತು. ಆ ಮುನಿಸು ತಿಳಿಯಾಗುವ ಮುನ್ನವೇ ಮಗ ತೀರಿಹೋದ. ತಂಗಿಯೋ ಅಕ್ಕನೋ ಆಗಿದ್ದ ಒಡಹುಟ್ಟಿದವಳು ಹೋದಳು. ನೆಂಟರು, ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಹೋದರು. ಯಾರ ಶವಸಂಸ್ಕಾರದಲ್ಲೂ ಪೆರಿಕ್ಲಿಸ್ ಕಣ್ಣೀರು ಹಾಕಿದ್ದನ್ನು ಜನ ಕಾಣಲಿಲ್ಲವಂತೆ. ಕೊನೆಗೆ ಎರಡನೆಯ ಮಗ ಪರಾಲಸ್ ಸತ್ತ. ಮಗನ ಶವಕ್ಕೆ ಹೂಮಾಲೆ ಇಡಲು ಬಾಗಿದ ತಂದೆ ಎಲ್ಲರೆದುರು ಬಿಕ್ಕಿ ಅತ್ತನೆಂದು ಪ್ಲುಟಾರ್ಕ್ ಬರೆಯುತ್ತಾನೆ.

ಬೇರೆ ನಾಯಕರು ಕೈಲಾಗದೆ ಹೋದಾಗ ಜನ ಮತ್ತೆ ಅವನನ್ನೇ ಕರೆದರು. ಕ್ರಿ.ಪೂ. 429ರಲ್ಲಿ ಮರಳಿ ಸೇನಾನಿಯಾದ ಪೆರಿಕ್ಲಿಸ್ ಜನಸಭೆಯ ಮುಂದೆ ಒಂದು ಬೇಡಿಕೆಯಿಟ್ಟ. ಪೌರರಾದ ಇಬ್ಬರು ಮಕ್ಕಳೂ ಹೋದರು, ಮನೆತನದ ಹೆಸರು ಹೇಳಲು ಉಳಿದವನು ಅಸ್ಪಾಸಿಯಾಳ ಮಗನೊಬ್ಬನೇ, ಅವನನ್ನು ಪೌರನೆಂದು ಒಪ್ಪಿಕೊಳ್ಳಬೇಕು ಎಂಬುದು ಆ ಬೇಡಿಕೆ. ತಾನೇ ಮಾಡಿಸಿದ ಕಾನೂನನ್ನು ತನ್ನ ಮಗನಿಗಾಗಿ ಸಡಿಲಿಸಿರೆಂದು ಬೇಡುವ ಸ್ಥಿತಿಗೆ ಅವನು ಬಂದಿದ್ದ. ಮುದುಕನ ದುಃಖ ನೋಡಿ ಊರು ಮರುಗಿತು. ಹುಡುಗನಿಗೆ ತಂದೆಯ ಹೆಸರಿನಲ್ಲಿ ಪೌರಪಟ್ಟಿಯಲ್ಲಿ ಜಾಗ ಸಿಕ್ಕಿತು.

ಅದೇ ವರ್ಷದ ಶರತ್ಕಾಲದಲ್ಲಿ ಪೆರಿಕ್ಲಿಸ್ ತೀರಿಕೊಂಡ. ಪ್ಲುಟಾರ್ಕ್ ಪ್ರಕಾರ ಅವನನ್ನು ಕೊಂದದ್ದೂ ಇದೇ ರೋಗ, ಆದರೆ ಎಳೆದೆಳೆದು ಕೊಂದಿತು. ಎಲ್ಲಕ್ಕೂ ಪ್ರಕೃತಿಯಲ್ಲಿ ಕಾರಣ ಹುಡುಕಲು ಅನಾಕ್ಸಾಗೊರಾಸ್‌ನಿಂದ ಕಲಿತಿದ್ದವನ ಕೊರಳಿಗೆ ಮನೆಯ ಹೆಂಗಸರು ತಾಯಿತ ಕಟ್ಟಿದ್ದರು. ಮಲಗಿದಲ್ಲಿಂದಲೇ ಅದನ್ನು ಗೆಳೆಯನೊಬ್ಬನಿಗೆ ತೋರಿಸಿ, ಇಂಥದ್ದಕ್ಕೂ ಒಪ್ಪುವಷ್ಟು ತಾನು ಸೊರಗಿರುವುದನ್ನು ಸೂಚಿಸಿದನಂತೆ.

ಅನಂತರ

ಪೌರನಾದ ಮಗ ಪೆರಿಕ್ಲಿಸ್ ತಂದೆಯಂತೆ ಸೇನಾನಿಯಾದ. ಕ್ರಿ.ಪೂ. 406ರಲ್ಲಿ ಅರ್ಗಿನುಸೆ ದ್ವೀಪಗಳ ಬಳಿ ಗೆದ್ದ ಕಡಲ ಕಾಳಗದಲ್ಲಿ ಅವನಿದ್ದ. ಬಿರುಗಾಳಿಯಲ್ಲಿ ಮುಳುಗಿದ ನಾವಿಕರನ್ನು ಎತ್ತಲಿಲ್ಲವೆಂಬ ಆರೋಪಕ್ಕೆ ಅದೇ ಜನಸಭೆ ಆರು ಸೇನಾನಿಗಳಿಗೆ ಮರಣದಂಡನೆ ವಿಧಿಸಿತು. ಅವರಲ್ಲಿ ಅವನೂ ಒಬ್ಬ. ಎರಡು ವರ್ಷಗಳ ಬಳಿಕ ಅಥೆನ್ಸ್ ಸೋತು ಶರಣಾಯಿತು. ಉದ್ದ ಗೋಡೆಗಳನ್ನು ಕೊಳಲು ನುಡಿಸುವ ಹುಡುಗಿಯರ ಮೇಳದೊಂದಿಗೆ ಕೆಡವಲಾಯಿತು.

1994 ಮತ್ತು 95ರಲ್ಲಿ ಅಥೆನ್ಸಿನ ಮೆಟ್ರೋ ರೈಲಿಗಾಗಿ ಅಗೆಯುವಾಗ, ಹಳೆಯ ಊರಗೋಡೆಯ ಹೊರಗಿನ ಕೆರಾಮೈಕೋಸ್ ಸ್ಮಶಾನದ ಬಳಿ ಒಂದು ಗುಂಡಿ ಸಿಕ್ಕಿತು. ಅದರಲ್ಲಿ ಕನಿಷ್ಠ 150 ಜನರನ್ನು ಅವಸರದಲ್ಲಿ ಹೂಳಲಾಗಿತ್ತು. ಮಹಾಮಾರಿಯ ಕಾಲದ್ದೆಂದು ಗುರುತಿಸಲಾದ ಆ ಗುಂಡಿಯಲ್ಲಿ ಸುಮಾರು 11 ವರ್ಷದ ಒಬ್ಬ ಹುಡುಗಿಯ ತಲೆಬುರುಡೆ ಚೆನ್ನಾಗಿ ಉಳಿದಿತ್ತು. ವಿಜ್ಞಾನಿಗಳು ಅದರ ಆಧಾರದಿಂದ ಅವಳ ಮುಖವನ್ನು ಮರುರೂಪಿಸಿ ಮಿರ್ಟಿಸ್ ಎಂದು ಹೆಸರಿಟ್ಟರು. ಅವಳು ಪೌರರ ಮಗಳೋ, ನೆಲೆಸಿದ ಹೊರಗಿನವರ ಮಗಳೋ, ದಾಸಿಯೋ ಎಂದು ಆ ಎಲುಬು ಹೇಳುವುದಿಲ್ಲ. ನಮ್ಮ ಶಾಲೆಗಳಲ್ಲಿ ಆರನೆಯ ತರಗತಿಯಲ್ಲಿ ಕೂರುವ ವಯಸ್ಸು ಅವಳದು.

ಪೆರಿಕ್ಲಿಸ್‌ನನ್ನು ಕೆಟ್ಟವನೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಲಂಚಕ್ಕೆ ಕೈಯೊಡ್ಡದ, ಬಡವನಿಗೆ ನ್ಯಾಯಪೀಠ ಕೊಟ್ಟ, ಸಿಟ್ಟಿಗೆ ಆಳಾಗದ ನಾಯಕ ಆತ. ಆದರೂ ಗೆರೆ ಎಳೆಯುವಾಗ ಆಚೆ ಬೀಳುವವರ ಕಡೆಗೆ ಅವನ ಕಣ್ಣು ಹೋಗಲಿಲ್ಲ. ತನ್ನ ಮಗನೇ ಆಚೆ ಬಿದ್ದಾಗ ಹೋಯಿತು. ಆಗಲೂ ಬದಲಾದದ್ದು ಕಾನೂನಲ್ಲ. ಒಬ್ಬ ಹುಡುಗನಿಗೆ ವಿನಾಯಿತಿ ಸಿಕ್ಕಿತು, ಅಷ್ಟೆ. ಅಂಥ ತಂದೆಯಿಲ್ಲದ ಸಾವಿರಾರು ಮಕ್ಕಳಿಗೆ ಅದೂ ಇಲ್ಲ.

1956ರಲ್ಲಿ ನಮ್ಮ ದೇಶ ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆದಾಗ, ಆಚೆ ಉಳಿಯುವವರ ಬಗ್ಗೆಯೂ ಯೋಚಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಯಾರ ಮೇಲಿನ ಮರುಕದಿಂದಲೂ ಕೊಟ್ಟ ವಿನಾಯಿತಿ ಅದಲ್ಲ. ಖಾಲಿ ಹುದ್ದೆಗೆ ಕನ್ನಡ ಶಿಕ್ಷಕರನ್ನು ಕೇಳುವಾಗ, ಪಠ್ಯಪುಸ್ತಕ ಸಕಾಲದಲ್ಲಿ ಬರಲೆಂದು ಅರ್ಜಿ ಬರೆಯುವಾಗ, ಪೋಷಕರು ಆ ವಿಧಿಯ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕು. ಗ್ರೀಸಿನ ಪಾಠ ನಡೆಯುವ ದಿನ ಮಕ್ಕಳಿಗೆ ಪಾರ್ಥೆನಾನ್ ಚಿತ್ರದ ಜೊತೆಗೆ ಮಿರ್ಟಿಸ್‌ಳ ಚಿತ್ರವನ್ನೂ ತೋರಿಸಬೇಕು. ಆ ಗೋಡೆಯೊಳಗೆ ಅವಳ ಮನೆಯವರು ಎಲ್ಲಿ ಮಲಗುತ್ತಿದ್ದಿರಬಹುದೆಂದು ಮಕ್ಕಳನ್ನೇ ಕೇಳಬೇಕು.